ಮನೆಯಲ್ಲೇ ವಿಮಾನ ಕಟ್ಟುವವರಿಗೆ: ಮರ, ಉಕ್ಕು, ಬೋಲ್ಟು, ಬಟ್ಟೆ ತರುವ ದಾರಿ

ತೀರ್ಥಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ಮರಗೆಲಸದ ಕೊಟ್ಟಿಗೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಯಾವ ಮರ, ಯಾವ ವರ್ಷ ಕೊಯ್ದದ್ದು ಎಂದು ಸೀಮೆಸುಣ್ಣದಲ್ಲಿ ಬರೆಯದೆ ಒಂದು ಹಲಗೆಯನ್ನೂ ಅಟ್ಟಕ್ಕೆ ಏರಿಸುವಂತಿರಲಿಲ್ಲ. ಬರಹ ಅಳಿಸಿಹೋದ ಹಲಗೆ ಎಷ್ಟೇ ಸೊಗಸಾಗಿದ್ದರೂ ಮನೆಯ ತೊಲೆಗೆ ಹೋಗುತ್ತಿರಲಿಲ್ಲ, ದನದ ಗೋದಲಿಗೆ ಹೋಗುತ್ತಿತ್ತು. ಈಗ ಇಲಿನಾಯ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ನಾನು ಎರಡು ಸೀಟಿನ ಮರದ ವಿಮಾನವೊಂದನ್ನು ಕಟ್ಟುತ್ತಿದ್ದೇನೆ. ಕಚ್ಚಾ ಸಾಮಗ್ರಿ ತರುವ ವಿಷಯದಲ್ಲಿ ಚಿಕ್ಕಪ್ಪನ ಆ ನಿಯಮಕ್ಕಿಂತ ದೊಡ್ಡ ನಿಯಮ ನನಗೆ ಇನ್ನೂ ಸಿಕ್ಕಿಲ್ಲ. ಹುಟ್ಟು ಗೊತ್ತಿಲ್ಲದ ವಸ್ತು ವಿಮಾನದೊಳಗೆ ಹೋಗಬಾರದು. ಈ ಲೇಖನದ ಎಲ್ಲ ಹೆಜ್ಜೆಗಳೂ ಆ ಒಂದು ಮಾತನ್ನು ಪಾಲಿಸುವ ಬಗೆಗಳು.

ನಾನು ಕಟ್ಟುತ್ತಿರುವುದು ಪೀಟನ್‌ಪೋಲ್ ಏರ್ ಕ್ಯಾಂಪರ್. ಮಿನೆಸೋಟದ ಚೆರಿ ಗ್ರೋವ್ ಎಂಬ ಹಳ್ಳಿಯ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಕೂರಿಸಿ ಹಾರಿಸಿದ ವಿಮಾನ ಇದು. ಹಳ್ಳಿಯ ಮೆಕ್ಯಾನಿಕ್ ಒಬ್ಬನಿಗೆ ಸಿಗುವ ಮರ, ತಗಡು, ಬಟ್ಟೆಗಳಿಂದಲೇ ಆಗಬೇಕೆಂದು ಅವರು ಇದನ್ನು ವಿನ್ಯಾಸ ಮಾಡಿದರು. 1932ರಲ್ಲಿ ಇದರ ನಕ್ಷೆಗಳು ಅಚ್ಚಾದವು, ಅಂದಿನಿಂದ ಇಂದಿನವರೆಗೂ ಜನ ಇದನ್ನು ಕಟ್ಟುತ್ತಲೇ ಇದ್ದಾರೆ. ಹೀಗಾಗಿ ಸಾಮಗ್ರಿ ಹುಡುಕುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ನೀವು ಅಲ್ಯೂಮಿನಿಯಮ್ ವಿಮಾನವನ್ನೋ ಗಾಜಿನ ನಾರಿನ ವಿಮಾನವನ್ನೋ ಕಟ್ಟುವವರಾಗಿದ್ದರೂ ಹುಡುಕುವ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ನಕ್ಷೆ, ಆಮೇಲೆ ಪಟ್ಟಿ, ಆಮೇಲೆ ಹಣ

ಮನೆಯಲ್ಲಿ ವಿಮಾನ ಕಟ್ಟಲು ಎರಡು ದಾರಿಗಳಿವೆ. ಒಂದು ಕಿಟ್: ಕಂಪನಿಯೇ ಕತ್ತರಿಸಿ, ತೂತು ಕೊರೆದು, ಪೆಟ್ಟಿಗೆಯಲ್ಲಿಟ್ಟು ಕಳುಹಿಸುತ್ತದೆ. ಇನ್ನೊಂದು ನಕ್ಷೆ: ಕಾಗದ ಮಾತ್ರ ಬರುತ್ತದೆ, ಉಳಿದುದೆಲ್ಲ ನೀವೇ ತರಬೇಕು. ಈ ಲೇಖನ ಎರಡನೆಯ ದಾರಿ ಹಿಡಿದವರಿಗಾಗಿ.

ನಕ್ಷೆ ಕೈಗೆ ಬಂದ ದಿನವೇ ಮರದ ಅಂಗಡಿಗೆ ಓಡಬೇಡಿ. ಒಂದು ತಿಂಗಳು ಕುಳಿತು, ಪ್ರತಿ ಹಾಳೆಯಿಂದ ಪ್ರತಿ ಭಾಗವನ್ನೂ ನೋಟ್‌ಬುಕ್ಕಿಗೆ ಇಳಿಸಿ. ಭಾಗದ ಹೆಸರು, ವಸ್ತು, ದಪ್ಪ, ಅಗಲ, ಉದ್ದ, ಎಷ್ಟು ಬೇಕು, ಯಾವ ಹಾಳೆಯಲ್ಲಿದೆ ಎಂಬುದನ್ನೆಲ್ಲ ಬರೆಯಿರಿ. ಏರ್ ಕ್ಯಾಂಪರ್‌ನಲ್ಲಿ ರೆಕ್ಕೆಯ ಪಕ್ಕೆಲುಬುಗಳಿಗೆ ಕಾಲು ಇಂಚು ದಪ್ಪ, ಅರ್ಧ ಇಂಚು ಅಗಲದ ಪಟ್ಟಿ ಬೇಕು. ಒಡಲಿನ ಉದ್ದಕ್ಕೂ ಓಡುವ ನಾಲ್ಕು ಮೂಲೆಯ ಕೋಲುಗಳು, ಅಂದರೆ ಲಾಂಜರಾನ್‌ಗಳು, ಒಂದು ಇಂಚು ಚೌಕದವು. ರೆಕ್ಕೆಯ ಮುಖ್ಯ ತೊಲೆಯಾದ ಸ್ಪಾರ್ ಒಂದು ಇಂಚು ದಪ್ಪ, ನಾಲ್ಕೂಮುಕ್ಕಾಲು ಇಂಚು ಎತ್ತರ. ಈ ಮೂರನ್ನು ಮೂರು ಗುಂಪಾಗಿ ಬರೆದರೆ ಒಂದು ಸಂಗತಿ ತಾನಾಗಿಯೇ ಕಾಣುತ್ತದೆ. ಸ್ಪಾರಿಗೆ ಸಾಲದೆ ಉಳಿದ ಹಲಗೆಯಿಂದ ಲಾಂಜರಾನ್ ಬರಬಹುದು, ಲಾಂಜರಾನ್‌ಗೆ ಸಾಲದ್ದರಿಂದ ಪಕ್ಕೆಲುಬಿನ ಪಟ್ಟಿ ಬರುತ್ತದೆ. ದೊಡ್ಡ ತುಂಡನ್ನು ಮೊದಲು ಗುರುತಿಸಿ, ಚಿಕ್ಕದನ್ನು ಅದರ ಅಂಚಿನಿಂದ ತೆಗೆಯಬೇಕು. ಪಟ್ಟಿ ಮಾಡದೆ ಕೊಂಡವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಪಕ್ಕೆಲುಬಿಗೆ ಬೇರೆ, ಸ್ಪಾರಿಗೆ ಬೇರೆ ಎಂದು ಎರಡು ಸಲ ದುಡ್ಡು ಕೊಡುತ್ತಾರೆ.

ಗರಗಸ ತಿನ್ನುವ ಹುಡಿಗೂ ಲೆಕ್ಕ ಇಡಿ. ಕಾಲು ಇಂಚಿನ ಪಟ್ಟಿ ಸೀಳುವಾಗ ಪ್ರತಿ ಸೀಳಿಗೂ ಗರಗಸದ ಅಲಗಿನಷ್ಟು ಮರ ಹೋಗುತ್ತದೆ. ದಪ್ಪ ಅಲಗಾದರೆ ಅದು ಪಟ್ಟಿಯ ಅರ್ಧದಷ್ಟೇ ಆಗಿಬಿಡುತ್ತದೆ. ನಾನು ಲೆಕ್ಕಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಮರ ತರಿಸಿದೆ. ಅದರಲ್ಲಿ ಬಹುಪಾಲು ಬೇಕಾಯಿತು.

ಯಾವುದು ಮೊದಲು, ಯಾವುದು ಕೊನೆಗೆ

ಎಲ್ಲವನ್ನೂ ಒಂದೇ ಸಲ ಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ತಡೆದುಕೊಳ್ಳಿ. ಮರವನ್ನು ಬೇಗ ತನ್ನಿ, ಅದು ನಿಮ್ಮ ಗ್ಯಾರೇಜಿನ ಹವೆಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಅಂಟು, ಬಣ್ಣ, ಬಟ್ಟೆಗೆ ಹಚ್ಚುವ ಲೇಪಗಳನ್ನು ತಡವಾಗಿ ತನ್ನಿ, ಅವುಗಳಿಗೆ ಅವಧಿ ಇದೆ. ಎಂಜಿನ್ ಮತ್ತು ಉಪಕರಣಗಳು ಎಲ್ಲಕ್ಕಿಂತ ಕೊನೆ. ಐದು ವರ್ಷ ಮೂಲೆಯಲ್ಲಿ ಕುಳಿತ ಎಂಜಿನ್ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಉಪಕರಣದ ವಾರಂಟಿ ಪೆಟ್ಟಿಗೆ ತೆರೆಯುವ ಮುನ್ನವೇ ಮುಗಿಯುತ್ತದೆ.

ಮೊದಲ ಖರೀದಿ ಬಾಲದ ಭಾಗಕ್ಕೆ ಸಾಕಾಗುವಷ್ಟೇ ಇರಲಿ. ಬಾಲ ಚಿಕ್ಕದು, ಅದರಲ್ಲಿ ಮರ, ಅಂಟು, ಪ್ಲೈವುಡ್, ತಗಡಿನ ಫಿಟಿಂಗ್, ಬೋಲ್ಟು ಎಲ್ಲವೂ ಇವೆ. ಅದನ್ನು ಮುಗಿಸುವುದರೊಳಗೆ ಯಾವ ಅಂಗಡಿ ನಂಬುವಂಥದ್ದು, ಯಾವ ಅಳತೆಯನ್ನು ಜಾಸ್ತಿ ತರಿಸಬೇಕು ಎಂಬುದು ನಿಮಗೇ ತಿಳಿದಿರುತ್ತದೆ. ಈ ಕೆಲಸ ತಮಗೆ ಒಗ್ಗುವುದಿಲ್ಲ ಎಂದು ಯಾರಿಗಾದರೂ ಅನ್ನಿಸಿದರೆ ನಷ್ಟವೂ ಅಷ್ಟಕ್ಕೇ ನಿಲ್ಲುತ್ತದೆ.

ಮರ

ವಿಮಾನದ ಮರವೆಂದರೆ ಸಿಟ್ಕಾ ಸ್ಪ್ರೂಸ್. ಅಲಾಸ್ಕದಿಂದ ಉತ್ತರ ಕ್ಯಾಲಿಫೋರ್ನಿಯದವರೆಗಿನ ಪೆಸಿಫಿಕ್ ಕರಾವಳಿಯ ಮರ. ನಮ್ಮ ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಇದು 400ರಿಂದ 450 ಕಿಲೋ ಮಾತ್ರ. ಆ ತೂಕಕ್ಕೆ ಅದು ಕೊಡುವ ಬಲ ಬಹಳ ಕಡಿಮೆ ಮರಗಳಿಗಿದೆ. ಎತ್ತರದ, ನೇರವಾದ ಮರವಾದ್ದರಿಂದ ಗಂಟಿಲ್ಲದ ಉದ್ದ ಹಲಗೆ ಸಿಗುತ್ತದೆ ಎಂಬುದು ಅದರ ಇನ್ನೊಂದು ಗುಣ. ಅಮೆರಿಕದಲ್ಲಿ ವಿಮಾನ ದರ್ಜೆಯ ಸ್ಪ್ರೂಸ್ ಮಾರುವ ದೊಡ್ಡ ಅಂಗಡಿ ಏರ್‌ಕ್ರಾಫ್ಟ್ ಸ್ಪ್ರೂಸ್. ಕ್ಯಾಲಿಫೋರ್ನಿಯದ ಕರೋನಾದಲ್ಲಿಯೂ ಜಾರ್ಜಿಯದ ಪೀಚ್‌ಟ್ರೀ ಸಿಟಿಯಲ್ಲಿಯೂ ಅದರ ಮಳಿಗೆಗಳಿವೆ. ಅಲ್ಲಿ ಬೆಲೆ ಹೆಚ್ಚು, ಆದರೆ ದರ್ಜೆ ನೋಡಿ ಆರಿಸಿದ ಮರ ಬರುತ್ತದೆ. ಉದ್ದದ ಹಲಗೆಗೆ ಸಾಗಣೆಯ ವೆಚ್ಚ ಕೆಲವೊಮ್ಮೆ ಮರದ ಬೆಲೆಯನ್ನೇ ಮುಟ್ಟುತ್ತದೆ. ಆದ್ದರಿಂದ ನಿಮ್ಮ ಊರಿನ ಇತರ ಕಟ್ಟುವವರ ಜೊತೆ ಸೇರಿ ಒಂದೇ ಲಾರಿಯಲ್ಲಿ ತರಿಸಿ.

ಎರಡನೆಯ ಆಯ್ಕೆ ಡಗ್ಲಸ್ ಫರ್. ಒಳ್ಳೆಯ ಟಿಂಬರ್ ಯಾರ್ಡಿನಲ್ಲಿ ಸಿಗುತ್ತದೆ. ಸ್ಪ್ರೂಸಿಗಿಂತ ಬಲ ಹೆಚ್ಚು, ತೂಕವೂ ಸುಮಾರು ಕಾಲು ಪಾಲು ಹೆಚ್ಚು. ಮೊಳೆ ಹೊಡೆದರೆ ಸುಲಭವಾಗಿ ಸೀಳುತ್ತದೆ. ಅಮೆರಿಕದ ವಿಮಾನಯಾನ ಆಡಳಿತದ ದುರಸ್ತಿ ಕೈಪಿಡಿಯ ಮರದ ಪಟ್ಟಿಯಲ್ಲಿ ಇದು ಸ್ಪ್ರೂಸಿನ ಬದಲಿಗೆ ಒಪ್ಪಿತವಾದ ಮರ. ಟಿಂಬರ್ ಯಾರ್ಡಿನಲ್ಲಿ ನೂರು ಹಲಗೆ ಮಗುಚಿದರೆ ಎರಡು ಮೂರು ಸಿಗಬಹುದು. ಮಗುಚಲು ಬಿಡದ ಯಾರ್ಡಿಗೆ ಹೋಗಬೇಡಿ.

ಹಲಗೆಯನ್ನು ಹೇಗೆ ನೋಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ರೆಕ್ಕೆ ನಿಲ್ಲುವುದು ಇದರ ಮೇಲೆ.

ಮೊದಲು ಹಲಗೆಯ ತುದಿ ನೋಡಿ. ಬೆಳವಣಿಗೆಯ ಉಂಗುರಗಳನ್ನು ಎಣಿಸಿ. ಸ್ಪ್ರೂಸಿನಲ್ಲಿ ಒಂದು ಇಂಚಿಗೆ ಕನಿಷ್ಠ 6, ಡಗ್ಲಸ್ ಫರಿನಲ್ಲಿ ಕನಿಷ್ಠ 8 ಉಂಗುರ ಇರಬೇಕು. ಉಂಗುರ ಅಗಲವಾಗಿದ್ದರೆ ಮರ ಅವಸರದಲ್ಲಿ ಬೆಳೆದಿದೆ, ಬಲ ಕಡಿಮೆ. ಸ್ಪಾರಿಗಾದರೆ ಆ ಗೆರೆಗಳು ಹಲಗೆಯ ಅಗಲವಾದ ಮುಖಕ್ಕೆ ಹೆಚ್ಚುಕಡಿಮೆ ಲಂಬವಾಗಿ ನಿಂತಿರಬೇಕು.

ಆಮೇಲೆ ಎಳೆಯ ಓಟ. ಎಳೆ ಹಲಗೆಯ ಅಂಚಿಗೆ ಸಮನಾಗಿ ಓಡಬೇಕು. 15 ಇಂಚು ಉದ್ದಕ್ಕೆ 1 ಇಂಚಿಗಿಂತ ಹೆಚ್ಚು ಓರೆಯಾಗಿದ್ದರೆ ಅದು ವಿಮಾನಕ್ಕೆ ಆಗದು. ಕಣ್ಣು ಇಲ್ಲಿ ಮೋಸ ಹೋಗುತ್ತದೆ. ಮುಖದ ಮೇಲೆ ಕಾಣುವ ಪಟ್ಟೆಗಳು ಉಂಗುರದ ಗೆರೆಗಳು, ನಾರಿನ ಗೆರೆಗಳಲ್ಲ. ನಾರು ಎತ್ತ ಓಡುತ್ತಿದೆ ಎಂದು ತಿಳಿಯಲು ಶಾಯಿ ಪೆನ್ನಿನಿಂದ ಒಂದು ತೊಟ್ಟು ಶಾಯಿ ಇಡಿ. ಅದು ಸಣ್ಣ ಕೂದಲಿನಂತೆ ನಾರಿನ ಉದ್ದಕ್ಕೆ ಹರಡುತ್ತದೆ. ಆ ಕೂದಲಿನ ಓರೆಯನ್ನು ಅಳೆಯಿರಿ, ಅಗಲದ ಮುಖದ ಮೇಲೂ ದಪ್ಪದ ಅಂಚಿನ ಮೇಲೂ. ಇನ್ನೂ ಅನುಮಾನವಿದ್ದರೆ ತುದಿಯ ಒಂದು ತುಂಡನ್ನು ಕತ್ತರಿಸಿ ಉಳಿಯಿಂದ ಸೀಳಿ. ಸೀಳು ಸುಳ್ಳು ಹೇಳುವುದಿಲ್ಲ.

ತೂಕ ಮತ್ತು ತೇವ. ಎರಡೂವರೆ ಸೆಂಟಿಮೀಟರ್ ಚೌಕ, 40 ಸೆಂಟಿಮೀಟರ್ ಉದ್ದದ ಒಂದು ಕೋಲು ಕತ್ತರಿಸಿದರೆ ಅದರ ಗಾತ್ರ 250 ಘನ ಸೆಂಟಿಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ ಅದು ಸುಮಾರು 100ರಿಂದ 110 ಗ್ರಾಂ ತೂಗಬೇಕು. 90ಕ್ಕಿಂತ ಕೆಳಗೆ ಬಂದ ಹಲಗೆಯನ್ನು ನಾನು ಪಕ್ಕಕ್ಕಿಡುತ್ತೇನೆ. ತೇವ ನೋಡಲು ಚಿಕ್ಕ ತುಂಡೊಂದನ್ನು ತೂಗಿ, 100 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚಿನ ಒಲೆಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಮೊದಲು 52 ಗ್ರಾಂ ಇದ್ದದ್ದು 47ಕ್ಕೆ ನಿಂತರೆ ಕಳೆದುಕೊಂಡದ್ದು 5. ಅದನ್ನು 47ರಿಂದ ಭಾಗಿಸಿದರೆ ತೇವ ಶೇಕಡ 10.6. ಶೇಕಡ 8ರಿಂದ 12ರವರೆಗೆ ಇದ್ದರೆ ಕೆಲಸಕ್ಕೆ ಸಿದ್ಧ.

ಇನ್ನು ಉಳಿದಿರುವುದು ಎಲ್ಲಕ್ಕಿಂತ ಅಪಾಯದ ದೋಷ. ಇದನ್ನು ನಾನು ಅನುಭವದಿಂದಲೇ ಕಲಿತೆ. ಪಿಯಾನೋ ಮತ್ತು ದೋಣಿಯ ಮರ ಮಾರುವ ಒಂದು ಅಂಗಡಿಯಿಂದ ಹದಿನಾಲ್ಕು ಅಡಿಯ ಸ್ಪ್ರೂಸ್ ಹಲಗೆ ತಂದೆ. ಉಂಗುರ ಇಂಚಿಗೆ 14, ಎಳೆ ನೂಲು ಹಿಡಿದಂತೆ ನೇರ, ಒಂದು ಗಂಟೂ ಇರಲಿಲ್ಲ. ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳುಹಿಸಿದೆ. ರಾತ್ರಿ ಫೋನ್ ಮಾಡಿ, "ಚೆನ್ನಾಗಿದೆಯಪ್ಪಾ, ಆದರೆ ಹತ್ತರಿ ಹೊಡೆದ ಮೇಲೆ ದೀಪ ಓರೆಯಾಗಿ ಹಿಡಿದು ನೋಡಿದೆಯಾ?" ಎಂದರು. ಮರುದಿನ ಹತ್ತರಿ ಹೊಡೆದು, ಗ್ಯಾರೇಜಿನ ದೀಪ ಆರಿಸಿ, ಟಾರ್ಚನ್ನು ಹಲಗೆಯ ಮೇಲ್ಮೈಗೆ ಸಮನಾಗಿ ಹಿಡಿದೆ. ಆರನೆಯ ಅಡಿಯಲ್ಲಿ ಎಳೆಗೆ ಅಡ್ಡವಾಗಿ ಒಂದು ತೆಳು ಗೆರೆ ಕಂಡಿತು, ಬಟ್ಟೆಯ ಮೇಲಿನ ಸುಕ್ಕಿನಂತೆ. ಉಗುರಿಗೂ ಸಿಗದಷ್ಟು ಸಣ್ಣದು. ಅದು ಒತ್ತಡದಿಂದ ನಾರುಗಳು ಜಜ್ಜಿಹೋದ ಗುರುತು. ಮರ ನಿಂತಿದ್ದಾಗ ಬಿರುಗಾಳಿಗೆ ಬಾಗಿದಾಗಲೋ ಕಡಿದಾಗ ಬಂಡೆಯ ಮೇಲೆ ಬಿದ್ದಾಗಲೋ ಆದದ್ದು. ಮೇಲಿನ ಎಲ್ಲ ಪರೀಕ್ಷೆಗಳನ್ನೂ ಅಂಥ ಹಲಗೆ ದಾಟುತ್ತದೆ, ಎಳೆದಾಗ ಮಾತ್ರ ಆ ಗೆರೆಯಲ್ಲಿ ಮುರಿಯುತ್ತದೆ. ನಾನು ಆ ಜಾಗದಿಂದ ಒಂದು ಪಟ್ಟಿ ಸೀಳಿ ಮೊಣಕಾಲಿಗೆ ಒತ್ತಿದೆ. ಒಳ್ಳೆಯ ಸ್ಪ್ರೂಸ್ ಮುರಿಯುವಾಗ ಉದ್ದುದ್ದ ಸಿಬಿರು ಏಳುತ್ತದೆ, ಇದು ಮೂಲಂಗಿ ಮುರಿದಂತೆ ಚಟ್ ಎಂದು ಎರಡಾಯಿತು.

ಆದ್ದರಿಂದ ಸ್ಪಾರಿನ ಪ್ರತಿ ಹಲಗೆಯನ್ನೂ ಹತ್ತರಿ ಹೊಡೆದ ಮೇಲೆ, ಕತ್ತಲಲ್ಲಿ, ಓರೆ ಬೆಳಕಿನಲ್ಲಿ, ನಾಲ್ಕೂ ಮುಖ ನೋಡಿ. ಗೆರೆ ಕಂಡರೆ ಆ ಹಲಗೆ ಸ್ಪಾರಿಗೆ ಬೇಡ, ಲಾಂಜರಾನ್‌ಗೂ ಬೇಡ. ಸಣ್ಣ, ಗಟ್ಟಿ ಗಂಟು ಅಥವಾ ಚಿಕ್ಕ ರಾಳದ ಗೂಡು ಇದ್ದರೆ ಅದು ಎಲ್ಲಿದೆ ಎಂಬುದರ ಮೇಲೆ ಕ್ಷಮೆ ಉಂಟು. ಜಜ್ಜು ಗೆರೆಗೆ, ಕೊಳೆತಕ್ಕೆ ಇಲ್ಲ.

ಆರಿಸಿದ ಹಲಗೆಯ ಎರಡೂ ತುದಿಗೆ ಬಣ್ಣ ಬಳಿದು, ನೆಲದಿಂದ ಮೇಲೆ, ಎರಡೆರಡು ಅಡಿಗೊಂದು ಆಸರೆ ಕೊಟ್ಟು ಮಲಗಿಸಿ. ಸಂಖ್ಯೆ ಬರೆಯಿರಿ. ಅದೇ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬಿಲ್ಲಿನ ಪಕ್ಕ, ಪರೀಕ್ಷೆಯ ಫಲಿತಾಂಶದ ಪಕ್ಕ ಬರೆಯಿರಿ.

ಪ್ಲೈವುಡ್ ಮತ್ತು ಅಂಟು

ಪೀಠೋಪಕರಣದ ಪ್ಲೈವುಡ್ ಬೇಡವೇ ಬೇಡ. ಅದರ ಒಳಪದರಗಳಲ್ಲಿ ಖಾಲಿ ಜಾಗಗಳಿರುತ್ತವೆ, ಹೊರಗಿನಿಂದ ಕಾಣುವುದಿಲ್ಲ. ವಿಮಾನ ದರ್ಜೆಯದು ಬರ್ಚ್ ಅಥವಾ ಮಹಾಗನಿಯದು, ಎಲ್ಲ ಪದರಗಳೂ ದೋಷವಿಲ್ಲದವು, ಅಂಟು ನೀರಿಗೆ ಕರಗದು. ಹಾಳೆಯ ಮೇಲೆ ಅಮೆರಿಕದ ಮಿಲಿಟರಿ ನಿರ್ದೇಶನ ಎಂಐಎಲ್-ಪಿ-6070ರ ಗುರುತೋ ಜರ್ಮನಿಯ ಜಿಎಲ್ ಗುರುತೋ ಇರಬೇಕು. ಪಕ್ಕೆಲುಬಿನ ಮೂಲೆಗಳಿಗೆ ಹದಿನಾರನೆಯ ಒಂದು ಇಂಚು, ಒಡಲಿನ ಪಕ್ಕಗಳಿಗೆ ಎಂಟನೆಯ ಒಂದು ಇಂಚು ದಪ್ಪದ್ದು ಸಾಕು. ತುಂಡೊಂದನ್ನು ಮೂರು ಗಂಟೆ ಕುದಿಸಿ, ಒಣಗಿಸಿ, ಪದರ ಬಿಡಿಸಲು ನೋಡಿ. ಬಿಡಿಸಿಕೊಂಡರೆ ಆ ಹಾಳೆಯನ್ನು ಮನೆಯ ಕಪಾಟಿಗೆ ಬಳಸಿ.

ಅಂಟಿನಲ್ಲಿ ನನ್ನ ಆಯ್ಕೆ ಟಿ-88 ಎಪಾಕ್ಸಿ. ಎರಡು ಬಾಟಲಿಯಿಂದ ಸಮಪ್ರಮಾಣದಲ್ಲಿ ಬೆರೆಸಬೇಕು, ಕೀಲು ತುಸು ಸಡಿಲವಾಗಿದ್ದರೂ ತುಂಬಿಕೊಳ್ಳುತ್ತದೆ. ರಿಸಾರ್ಸಿನಾಲ್ ಅಂಟು ಇನ್ನೂ ಹಳೆಯದು, ಬಾಳಿಕೆಯಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಅದಕ್ಕೆ ಕೀಲು ಅತ್ಯಂತ ಬಿಗಿಯಾಗಿರಬೇಕು, ಕೋಣೆ 21 ಡಿಗ್ರಿಗಿಂತ ಬೆಚ್ಚಗಿರಬೇಕು. ಇಲಿನಾಯ್‌ನ ಚಳಿಗಾಲದ ಗ್ಯಾರೇಜಿನಲ್ಲಿ ಅದು ಆಗದ ಮಾತು. ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ, ಹೀಗಾಗಿ ಎಪಾಕ್ಸಿಯ ರೆಕ್ಕೆಗೆ ಕಪ್ಪು ಅಥವಾ ಗಾಢ ಬಣ್ಣ ಬಳಿಯಬಾರದು. ಹಾಲಿನಿಂದ ಮಾಡುವ ಹಳೆಯ ಕೇಸೀನ್ ಅಂಟು ನಕ್ಷೆಯಲ್ಲಿ ಬರೆದಿದ್ದರೂ ತರಬೇಡಿ. ತೇವ ತಾಗಿದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ.

ಪ್ರತಿ ಸಲ ಅಂಟು ಕಲಸಿದಾಗಲೂ ಎರಡು ಚೂರು ಮರವನ್ನು ಅದೇ ಅಂಟಿನಿಂದ ಕೂಡಿಸಿ, ದಿನಾಂಕ ಬರೆದಿಡಿ. ವಾರದ ಮೇಲೆ ಸುತ್ತಿಗೆಯಿಂದ ಮುರಿಯಿರಿ. ಮುರಿಯಬೇಕಾದದ್ದು ಮರ. ಅಂಟಿನ ಗೆರೆಯೇ ಬಿಟ್ಟುಕೊಂಡರೆ ಆ ದಿನ ಕೂಡಿಸಿದ್ದನ್ನೆಲ್ಲ ತೆಗೆದುಹಾಕಿ.

ಉಕ್ಕು, ಅಲ್ಯೂಮಿನಿಯಮ್

ರೆಕ್ಕೆಯನ್ನು ಒಡಲಿಗೆ, ಚಕ್ರವನ್ನು ಒಡಲಿಗೆ ಹಿಡಿದಿಡುವ ಫಿಟಿಂಗ್‌ಗಳು 4130 ಉಕ್ಕಿನ ತಗಡಿನಿಂದ ಆಗುತ್ತವೆ. ಇದರಲ್ಲಿ ಕ್ರೋಮಿಯಮ್ ಶೇಕಡ 0.80ರಿಂದ 1.10, ಮಾಲಿಬ್ಡಿನಮ್ 0.15ರಿಂದ 0.25, ಇಂಗಾಲ 0.28ರಿಂದ 0.33. ಕೊಳ್ಳುವಾಗ ನಾರ್ಮಲೈಸ್ ಮಾಡಿದ್ದು, ಅಂದರೆ ಕಾಯಿಸಿ ಗಾಳಿಯಲ್ಲಿ ಆರಿಸಿದ್ದು ಎಂದು ಕೇಳಿ. ಆ ಸ್ಥಿತಿಯಲ್ಲಿ ಇದು ಸಾಧಾರಣ ಮೆದು ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಬಲ. ಒಡಲನ್ನೇ ಕೊಳವೆಯಿಂದ ಬೆಸೆಯುವವರಿಗೂ ಇದೇ ಉಕ್ಕು. ಒಂದು ಸುಳಿವು: ಗೋಡೆಯ ದಪ್ಪ 0.058 ಇಂಚು ಇರುವ ಕೊಳವೆಯೊಳಗೆ ಅದಕ್ಕಿಂತ ಎಂಟನೆಯ ಒಂದು ಇಂಚು ಚಿಕ್ಕದಾದ ಕೊಳವೆ ಸರಿಯಾಗಿ ಜಾರಿ ಕೂರುತ್ತದೆ. ಮುಂದೆ ದುರಸ್ತಿ, ಜೋಡಣೆ ಸುಲಭವಾಗುತ್ತದೆ.

ಕೊಳವೆ ಬಂದ ದಿನವೇ ಉದ್ದಕ್ಕೂ ಒಂದು ಬಣ್ಣದ ಪಟ್ಟೆ ಎಳೆಯಿರಿ. ಮೆದು ಉಕ್ಕಿನ ಕೊಳವೆ ಗ್ಯಾರೇಜಿಗೆ ಬರಲೇಬಾರದು. ಕತ್ತರಿಸಿದ ಮೇಲೆ ಎರಡೂ ಕಣ್ಣಿಗೆ ಒಂದೇ. ಅಯಸ್ಕಾಂತಕ್ಕೆ ಎರಡೂ ಅಂಟುತ್ತವೆ.

ಅಲ್ಯೂಮಿನಿಯಮ್‌ನಲ್ಲಿ ಮೂರು ಹೆಸರು ನೆನಪಿಡಿ. 2024-ಟಿ3 ಬಲದ್ದು, ಲೋಹದ ವಿಮಾನದ ಮೈಗೆ ಬಳಸುವುದು. ಅದರಲ್ಲಿ ತಾಮ್ರ ಶೇಕಡ 4ಕ್ಕಿಂತ ಹೆಚ್ಚು ಇರುವುದರಿಂದ ಬೇಗ ಸವೆಯುತ್ತದೆ. ಹಾಗಾಗಿ ಎರಡೂ ಮುಖಕ್ಕೆ ಶುದ್ಧ ಅಲ್ಯೂಮಿನಿಯಮ್ ಲೇಪಿಸಿದ ಆಲ್‌ಕ್ಲಾಡ್ ತರಿಸಿ. ಅದನ್ನು ಬೆಸೆಯಬಾರದು, ಚೂಪಾಗಿ ಮಡಿಸಬಾರದು. 6061-ಟಿ6 ಬಲದಲ್ಲಿ ಕಡಿಮೆ, ಆದರೆ ಬೆಸೆಯಬಹುದು, ಸವೆತ ಕಡಿಮೆ. 5052 ಮೆತ್ತಗಿನದು, ಇಂಧನದ ಟ್ಯಾಂಕಿಗೆ ಹೇಳಿ ಮಾಡಿಸಿದ್ದು. ಹಾಳೆಯ ಮೇಲೆ ಅಚ್ಚಾದ ಅಕ್ಷರಗಳನ್ನು ಒರೆಸಬೇಡಿ. ಆ ಸಾಲುಗಳು ಲೋಹವನ್ನು ಉರುಳಿಸಿದ ದಿಕ್ಕಿಗೇ ಓಡುತ್ತವೆ. ಮಡಿಕೆ ಆ ಸಾಲುಗಳಿಗೆ ಅಡ್ಡವಾಗಿ ಬಂದರೆ ಬಿರುಕು ಬಿಡುವ ಸಾಧ್ಯತೆ ಕಡಿಮೆ.

ಲೋಹದ ಜೊತೆ ಬರುವ ಪ್ರಮಾಣಪತ್ರ ಕೇಳಿ ಪಡೆಯಿರಿ. ಅದರಲ್ಲಿ ಕರಗಿಸಿದ ಕಂತಿನ ಸಂಖ್ಯೆ, ಅಂದರೆ ಹೀಟ್ ನಂಬರ್ ಇರುತ್ತದೆ. ಅದು ಲೋಹದ ಮೇಲೆ ಅಚ್ಚಾದ ಸಂಖ್ಯೆಗೆ ಸರಿಹೊಂದಬೇಕು. ಕಾಗದ ಒಂದು, ಲೋಹ ಇನ್ನೊಂದು ಆದರೆ ಎರಡಕ್ಕೂ ಬೆಲೆಯಿಲ್ಲ.

ಬೋಲ್ಟು, ರಿವೆಟ್, ಕೇಬಲ್

ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಇಡೀ ವಿಮಾನದ ಬೋಲ್ಟುಗಳ ಬೆಲೆ ಒಟ್ಟು ಖರ್ಚಿನ ಚಿಕ್ಕ ಪಾಲು, ಅವು ಹೊರುವ ಭಾರ ಮಾತ್ರ ಇಡೀ ವಿಮಾನದ್ದು.

ವಿಮಾನದ ಬೋಲ್ಟಿಗೆ ಎಎನ್ ಎಂಬ ಸಂಕೇತ. ಎಎನ್3 ಎಂದರೆ ಹದಿನಾರನೆಯ ಮೂರು ಇಂಚು ದಪ್ಪ, ಎಎನ್4 ಎಂದರೆ ಕಾಲು ಇಂಚು. ಆಮೇಲಿನ ಸಂಖ್ಯೆ ಉದ್ದ: ಮೊದಲ ಅಂಕಿ ಇಂಚು, ಎರಡನೆಯದು ಎಂಟನೆಯ ಪಾಲುಗಳು. ಹೀಗೆ ಎಎನ್4-10ಎ ಕಾಲು ಇಂಚು ದಪ್ಪ, ಸುಮಾರು ಒಂದು ಇಂಚು ಉದ್ದ. ಕೊನೆಯ ಎ ಇದ್ದರೆ ತುದಿಯಲ್ಲಿ ಪಿನ್ನಿಗೆ ತೂತಿಲ್ಲ. ತಲೆಯ ಮೇಲೆ ಶಿಲುಬೆ ಅಥವಾ ನಕ್ಷತ್ರದಂಥ ಗುರುತು ಇರುತ್ತದೆ. ಗಟ್ಟಿತನ ಮಾತ್ರ ನೋಡಿ ಹಾರ್ಡ್‌ವೇರ್ ಅಂಗಡಿಯ ಗ್ರೇಡ್ 8 ಬೋಲ್ಟು ಹಾಕುವವರಿದ್ದಾರೆ. ಅಂಕಿಯಲ್ಲಿ ಅದು ಎಎನ್‌ಗಿಂತ ಬಲವೇ, ಆದರೆ ಅದರ ತಿರುಪಿನ ಮರೆ ಎಷ್ಟು ಉದ್ದ, ನುಣುಪಾದ ಕಂಬ ಎಷ್ಟು ಉದ್ದ ಎಂಬುದು ವಿಮಾನದ ಫಿಟಿಂಗಿಗೆ ಹೊಂದುವುದಿಲ್ಲ. ತೂತಿನೊಳಗೆ ಮರೆ ಕುಳಿತರೆ ಅದು ಗರಗಸದಂತೆ ಮರವನ್ನೂ ತಗಡನ್ನೂ ತಿನ್ನುತ್ತದೆ. ನಟ್ಟಿನಲ್ಲಿ ನೈಲಾನ್ ಬಳೆ ಇರುವುದನ್ನು ತಿರುಗುವ ಕೀಲಿಗೆ ಹಾಕಬಾರದು. ಅಲ್ಲಿ ಕೋಟೆಯಂತೆ ಹಲ್ಲಿರುವ ಎಎನ್310 ನಟ್ಟು ಮತ್ತು ಪಿನ್ನು ಬೇಕು.

ರಿವೆಟ್‌ನ ತಲೆಯ ನಡುವೆ ಚಿಕ್ಕ ಗುಳಿ ಇದ್ದರೆ ಅದು ಎಡಿ ಬಗೆ, 2117 ಅಲ್ಯೂಮಿನಿಯಮ್‌ನದು, ಸಾಮಾನ್ಯವಾಗಿ ನಿಮಗೆ ಬೇಕಾದದ್ದು. ಗುಳಿಯಿಲ್ಲದೆ ನುಣುಪಾಗಿದ್ದರೆ ಅದು ಮೆತ್ತಗಿನ ಶುದ್ಧ ಅಲ್ಯೂಮಿನಿಯಮ್, ಭಾರ ಹೊರುವ ಜಾಗಕ್ಕೆ ಆಗದು.

ನಿಯಂತ್ರಣದ ಕೇಬಲ್ ಎಂಟನೆಯ ಒಂದು ಇಂಚಿನ 7×19 ನೇಯ್ಗೆಯದು, ಅಂದರೆ 19 ತಂತಿಗಳ ಏಳು ಎಳೆ. ಸತು ಲೇಪಿಸಿದ್ದರ ಬಲ 2,000 ಪೌಂಡ್, ತುಕ್ಕು ಹಿಡಿಯದ ಉಕ್ಕಿನದು 1,760. ಅಂಗಡಿಯ ಬಟ್ಟೆ ಒಣಗಿಸುವ ತಂತಿಹಗ್ಗ ನೋಡಲು ಹಾಗೇ ಇರುತ್ತದೆ, ಅದನ್ನು ಮುಟ್ಟಬೇಡಿ. ತುದಿ ಹಿಡಿಯುವ ತಾಮ್ರದ ತೋಳನ್ನು ಒತ್ತಿದ ಮೇಲೆ ಅಳತೆಯ ಗೇಜಿನಿಂದ ನೋಡಲೇಬೇಕು. ಗೇಜನ್ನೂ ಕೇಬಲ್ ಜೊತೆಯಲ್ಲೇ ತರಿಸಿ.

ಬಟ್ಟೆ

ಸಂಕ್ಷಿಪ್ತವಾಗಿ ಹೇಳಿದರೆ ಸಾಕು. ವಿಮಾನಕ್ಕೆ ಹೊದಿಸಲು ಮೊದಲು ಹತ್ತಿ, ಲಿನನ್ ಇತ್ತು, ಈಗ ಪಾಲಿಯೆಸ್ಟರ್. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಬಿಗಿಯಾಗುತ್ತದೆ, ಮೊದಲು 250 ಡಿಗ್ರಿ ಫ್ಯಾರನ್‌ಹೀಟ್, ಕೊನೆಗೆ 350. ಅಂಟು, ಬಟ್ಟೆ, ಲೇಪ ಮೂರೂ ಒಂದೇ ಕಂಪನಿಯ ಒಂದೇ ಪದ್ಧತಿಯವು ಇರಬೇಕು, ಬೆರೆಸಬಾರದು. ಬಟ್ಟೆ ಹೊದಿಸುವ ಮುನ್ನ ಪರಿಣತರೊಬ್ಬರಿಂದ ಒಳಗೆಲ್ಲ ನೋಡಿಸಿಕೊಳ್ಳಿ. 1953ರಲ್ಲಿ ಪಾಲ್ ಪೊಬೆರೆಜ್ನಿ ಸ್ಥಾಪಿಸಿದ, ಮನೆಯಲ್ಲಿ ವಿಮಾನ ಕಟ್ಟುವವರ ಸಂಘವಾದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್‌ನ ಸ್ವಯಂಸೇವಕ ತಾಂತ್ರಿಕ ಸಲಹೆಗಾರರು ಇದಕ್ಕಾಗಿಯೇ ಮನೆಗೆ ಬರುತ್ತಾರೆ. ಪ್ರತಿ ಜುಲೈಯಲ್ಲಿ ಅವರ ಆಶ್ಕಾಶ್ ವಿಮಾನ ಮೇಳಕ್ಕೆ ಸ್ವಲ್ಪ ಮುಂಚೆ ವಿಸ್ಕಾನ್ಸಿನ್‌ನ ಬ್ರಾಡ್‌ಹೆಡ್‌ನಲ್ಲಿ ಪೀಟನ್‌ಪೋಲ್ ಕಟ್ಟುವವರು ಸೇರುತ್ತಾರೆ. ಉಳಿದ ಮರ, ಬಳಸದ ಬೋಲ್ಟುಗಳು ಒಳ್ಳೆಯ ಕೈಯಿಂದ ಕೈಗೆ ದಾಟುವುದು ಅಲ್ಲಿ.

ಕರ್ನಾಟಕದಲ್ಲಿ ಕುಳಿತು ಕಟ್ಟುವವರಿಗೆ

ಮೊದಲ ಕಾಗದ ನಾಗರಿಕ ವಿಮಾನಯಾನ ನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ ಹೋಗಲಿ, ಮರಕ್ಕೆ ಆಮೇಲೆ. ಮುಂಬೈಯ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿ ಸಿಕ್ಕಿತು. ಅದಕ್ಕೆ ಅವರು ವರ್ಷಗಟ್ಟಲೆ ಓಡಾಡಿದ್ದರು. ಯಾವ ದಾಖಲೆ ಕೇಳುತ್ತಾರೆ ಎಂದು ತಿಳಿದರೆ ಯಾವ ಬಿಲ್ಲು ಇಟ್ಟುಕೊಳ್ಳಬೇಕು ಎಂಬುದೂ ತಿಳಿಯುತ್ತದೆ.

ಬೆಂಗಳೂರಿಗೆ ಈ ವಿಷಯದಲ್ಲಿ ಪರಂಪರೆಯೇ ಇದೆ. ಎಚ್‌ಎಎಲ್ ಪುಷ್ಪಕ್ ಇಲ್ಲಿ 1958ರಲ್ಲಿ ಹಾರಿತು, ಉಕ್ಕಿನ ಕೊಳವೆಯ ಒಡಲು, ಬಟ್ಟೆಯ ಹೊದಿಕೆ. ಅಮೆರಿಕದ ವಿನ್ಯಾಸಕ ಬರ್ಟ್ ರುಟಾನ್‌ರ, ಮನೆಯಲ್ಲಿ ಕಟ್ಟುವ ಲಾಂಗ್-ಈಝೀ ವಿನ್ಯಾಸವನ್ನು ಆಧರಿಸಿ ಇಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಗಾಜಿನ ನಾರಿನ ಹಗುರ ವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿತು. ಎನ್‌ಎಎಲ್‌ನ ಹಂಸ ತರಬೇತಿ ವಿಮಾನಕ್ಕೆ ದಾರಿಯಾದ ಅನುಭವಗಳಲ್ಲಿ ಅದೂ ಒಂದು.

ಪೀಣ್ಯದಲ್ಲಿ ಉಕ್ಕು ಕೇಳುವಾಗ ಒಂದು ಎಚ್ಚರ. ಅಲ್ಲಿ ಇಎನ್8, ಇಎನ್19, ಇಎನ್24 ಎಂಬ ಹೆಸರುಗಳು ಓಡುತ್ತವೆ. 4130 ಕೇಳಿದರೆ "ಇಎನ್19 ಅದೇ ಸಾರ್" ಎನ್ನುವವರಿದ್ದಾರೆ. ಅಲ್ಲ. ಇಎನ್19 ಎಂದರೆ 4140 ಎಂಬ ಬೇರೆ ಉಕ್ಕಿಗೆ ಹತ್ತಿರದ್ದು, ಇಂಗಾಲ ಹೆಚ್ಚು, ತೆಳು ಕೊಳವೆಯನ್ನು ಬೆಸೆದರೆ ಬೆಸುಗೆಯ ಪಕ್ಕ ಬಿರುಕು ಬಿಡುವ ಅಪಾಯವಿದೆ. "ಟಿಸಿ ಕೊಡಿ" ಎಂದು ಪರೀಕ್ಷೆಯ ಪ್ರಮಾಣಪತ್ರ ಕೇಳಿ, ಆಮೇಲೂ ಸ್ಪೆಕ್ಟ್ರೋ, ಅಂದರೆ ಲೋಹದ ಅಂಶಗಳ ಪರೀಕ್ಷೆ, ಮಾಡಿಸಿ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರ ಕ್ರೋಮಿಯಮ್, ಮಾಲಿಬ್ಡಿನಮ್ ತೋರಿಸುತ್ತದೆ, ಇಂಗಾಲವನ್ನು ತೋರಿಸದು. ಇಂಗಾಲ ತಿಳಿಯಲು ಕಿಡಿ ಹಾರಿಸಿ ಅಳೆಯುವ ಪ್ರಯೋಗಾಲಯದ ಯಂತ್ರವೇ ಬೇಕು. ಅಲ್ಯೂಮಿನಿಯಮ್‌ನಲ್ಲಂತೂ ರಾಸಾಯನಿಕ ಪರೀಕ್ಷೆ ಅರ್ಧ ಮಾತು ಮಾತ್ರ. ಗಟ್ಟಿ ಮಾಡಿದ 6061ಕ್ಕೂ ಮೆತ್ತಗಿನ 6061ಕ್ಕೂ ಅಂಶಗಳು ಒಂದೇ, ಗಡಸುತನದ ಪರೀಕ್ಷೆಯೇ ವ್ಯತ್ಯಾಸ ಹೇಳಬೇಕು.

ಮರವನ್ನು ಗುರುತಿಸಲು, ಪರೀಕ್ಷಿಸಲು ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಪ್ಲೈವುಡ್ ಪರೀಕ್ಷೆಯ ಬಗ್ಗೆಯೂ ಅಲ್ಲಿ ಕೇಳಿ. ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ನೀರಿಗೆ ಗಟ್ಟಿ, ಆದರೆ ಅದು ವಿಮಾನಕ್ಕಾಗಿ ಮಾಡಿದ್ದಲ್ಲ. ಸ್ಪಾರ್ ಮರವನ್ನು ಹೊರದೇಶದಿಂದಲೇ ತರಿಸುವುದಾದರೆ ಕೀಟರೋಗ ಮುಕ್ತ ಎಂಬ ಸಸ್ಯ ಆರೋಗ್ಯ ಪ್ರಮಾಣಪತ್ರ ಜೊತೆಗೆ ಬರಬೇಕು. ಇಲ್ಲದಿದ್ದರೆ ಬಂದರಿನಲ್ಲೇ ಕೂರುತ್ತದೆ. ಲೇಪ, ತೆಳುಕಾರಕಗಳು ಬೆಂಕಿ ಹತ್ತುವ ಸರಕು, ಅವಕ್ಕೆ ಸಾಗಣೆಯೂ ಬೇರೆ, ದರವೂ ಬೇರೆ.

ಸರಕು ಬಾಗಿಲಿಗೆ ಬಂದಾಗ

ಲಾರಿಯವರು ಸಹಿ ಹಾಕಿ ಎಂದು ಅವಸರಿಸುತ್ತಾರೆ. ಹಲಗೆಯ ಕಟ್ಟಿನ ಎರಡೂ ತುದಿ, ನಡುವಿನ ಭಾಗ ನೋಡಿ. ಕಟ್ಟು ಬಾಗಿದ್ದರೆ, ಮೂಲೆ ಜಜ್ಜಿದ್ದರೆ, ಕೊಳವೆಯ ಪೆಟ್ಟಿಗೆ ತೂತು ಬಿದ್ದಿದ್ದರೆ ಅದನ್ನು ಅವರ ರಸೀದಿಯ ಮೇಲೆಯೇ ಬರೆದು, ಅವರ ಎದುರಿಗೇ ಫೋಟೋ ತೆಗೆದು ಆಮೇಲೆ ಸಹಿ ಹಾಕಿ. ಬರೆಯದೆ ಸಹಿ ಹಾಕಿದ ಮೇಲೆ ಸಾಗಣೆಯ ಹಾನಿ ಎಂದು ಹೇಳಿಕೊಳ್ಳುವುದು ಬಹಳ ಕಷ್ಟ. ಅದೇ ಸಂಜೆ ಕಟ್ಟು ಬಿಚ್ಚಿ, ಪಟ್ಟಿಯ ಜೊತೆ ಹೋಲಿಸಿ. ಬೋಲ್ಟಿನ ಚೀಲಗಳನ್ನು ಒಡೆಯಬೇಡಿ, ಚೀಟಿ ಸಮೇತ ಡಬ್ಬಿಗೆ ಹಾಕಿ. ಹಲಗೆಗೆ ಸಂಖ್ಯೆ, ಕೊಳವೆಗೆ ಬಣ್ಣ, ತಗಡಿಗೆ ಹೀಟ್ ನಂಬರ್ ಬರೆದ ಚೀಟಿ, ಬಿಲ್ಲು ನೋಟ್‌ಬುಕ್ಕಿಗೆ. ಇಷ್ಟು ಆದ ಮೇಲೆ ಗರಗಸ ತೆಗೆಯಿರಿ.